ಪಾಯಿಂಟು, ವೋಚರು ಮತ್ತು ಮುಯ್ಯಿ ಪುಸ್ತಕ

ಚೌತಿಯಲ್ಲಿ ಶುರುವಾಗುವ, ತುಮಕೂರು ಹತ್ತಿರದ ಗೂಳೂರು ಗಣಪತಿಯ ಮಣ್ಣಿನ ಕೆಲಸ ದೀಪಾವಳಿಯ ಹೊತ್ತಿಗೆ ಮುಗಿಯುತ್ತದೆ. ಬಲಿಪಾಡ್ಯಮಿಯಂದು ಪ್ರತಿಷ್ಠೆ, ಆಮೇಲೆ ಕಾರ್ತಿಕವಿಡೀ ಪೂಜೆ. ಕುಣಿಗಲ್ ಕಡೆಯವರು, ಗುಬ್ಬಿ ಕಡೆಯವರು ಎನ್ನದೆ ಎಲ್ಲರೂ ಆ ಆಳೆತ್ತರ ಮೀರಿದ ಮೂರ್ತಿಯನ್ನು ಕತ್ತೆತ್ತಿ ನೋಡಿ ಹೋಗುತ್ತಾರೆ. ಅದೇ ವಾರ ಊರಿನ ಮೊಬೈಲುಗಳಿಗೆ ಬೇರೆ ಪ್ರಸಾದ ಬಂದು ಬೀಳುತ್ತದೆ: ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಇಷ್ಟು ಸಾವಿರ ರಿವಾರ್ಡ್ ಪಾಯಿಂಟು ಸೇರಿದೆ, ಸ್ಟಾರ್ ಹೋಟೆಲಿನ ಗಿಫ್ಟ್ ವೋಚರು ಪಡೆಯಿರಿ.

ಒಂದು ಕಾಲಕ್ಕೆ ಇದೆಲ್ಲ ಬೆಂಗಳೂರಿನವರ ಬಾಬತ್ತು. ಈಗ ವಸಂತನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗಿಬರುವ ಹುಡುಗರ ಪರ್ಸಿನಲ್ಲೂ, ಮೇಷ್ಟರ ಜೇಬಿನಲ್ಲೂ ಕಾರ್ಡು ಇದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು 2022ರಲ್ಲಿ ರಿಸರ್ವ್ ಬ್ಯಾಂಕ್ ಒಪ್ಪಿದ ಮೇಲಂತೂ ಕಾರ್ಡು ಉಜ್ಜುವ ಮಿಷನ್ನೇ ಬೇಡ. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಸಾಕು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನೂ ಮುಂದಿನ ತಿಂಗಳ ಸಂಬಳದಲ್ಲಿ ತಿನ್ನಬಹುದು. ತಿಂದದ್ದಕ್ಕೆ ಪಾಯಿಂಟು ಬೇರೆ.

ಪಾಯಿಂಟು ಎಂದರೆ ಎಷ್ಟು ದುಡ್ಡು? ಇದನ್ನು ಕೇಳುವವರು ಕಡಿಮೆ. ಸಂಖ್ಯೆ ದೊಡ್ಡದಾಗಿ ಕಾಣುತ್ತದಲ್ಲ, ಅಷ್ಟಕ್ಕೇ ಸಮಾಧಾನ. ಸಾಮಾನ್ಯ ಕಾರ್ಡೊಂದನ್ನು ತೆಗೆದುಕೊಳ್ಳೋಣ. ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟು, ಪಾಯಿಂಟಿಗೆ 25 ಪೈಸೆ. ಅಂದರೆ ನೂರಕ್ಕೆ ಎಂಟಾಣೆ. ಐದು ಸಾವಿರ ರೂಪಾಯಿಯ ಹೋಟೆಲ್ ವೋಚರಿಗೆ 20,000 ಪಾಯಿಂಟು ಬೇಕು. ಅಷ್ಟು ಸೇರಬೇಕಾದರೆ ಹತ್ತು ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ತಿಂಗಳಿಗೆ 30,000ದಂತೆ ಕಾರ್ಡಿನಲ್ಲಿ ಮನೆ ನಡೆಸಿದರೂ ಎರಡು ವರ್ಷಕ್ಕೆ ಸೇರುವುದು 14,400 ಪಾಯಿಂಟು, ಬೆಲೆ 3,600 ರೂಪಾಯಿ. ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟಿನ ಆಯಸ್ಸೂ ಎರಡೋ ಮೂರೋ ವರ್ಷ. ಹೊಸದು ಸೇರುತ್ತಿರುವಾಗಲೇ ಹಳೆಯದು ಉದುರುತ್ತಿರುತ್ತದೆ. ಪೆಟ್ರೋಲಿಗೆ ಸಾಮಾನ್ಯವಾಗಿ ಪಾಯಿಂಟಿಲ್ಲ. ಬಾಡಿಗೆ, ವ್ಯಾಲೆಟ್ಟಿಗೆ ತುಂಬಿದ ದುಡ್ಡು, ಇವನ್ನೂ ಎಷ್ಟೋ ಬ್ಯಾಂಕುಗಳು ಒಂದೊಂದಾಗಿ ಪಟ್ಟಿಯಿಂದ ತೆಗೆದಿವೆ. ಬದಲಿಸಿಕೊಳ್ಳುವಾಗ ತೊಂಬತ್ತೊಂಬತ್ತು ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುವವರೂ ಇದ್ದಾರೆ.

ಇನ್ನೊಂದು ಕಡೆಯ ಲೆಕ್ಕ. ಒಂದೇ ಒಂದು ತಿಂಗಳು 20,000 ಬಾಕಿ ಉಳಿಸಿಕೊಂಡಿರಿ ಅನ್ನಿ. ತಿಂಗಳಿಗೆ ಶೇಕಡ ಮೂರೂವರೆಯಂತೆ ಬಡ್ಡಿ 700 ರೂಪಾಯಿ, ಬಡ್ಡಿಯ ಮೇಲೆ ಶೇ 18ರಂತೆ ತೆರಿಗೆ 126, ಒಟ್ಟು 826. ಆ 826 ರೂಪಾಯಿಯನ್ನು ಪಾಯಿಂಟಿನಲ್ಲಿ ವಾಪಸು ಗಳಿಸಲು 1,65,200 ರೂಪಾಯಿ ಖರ್ಚು ಮಾಡಬೇಕು. ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಇರುತ್ತದಲ್ಲ, ಅದನ್ನಷ್ಟೇ ಕಟ್ಟಿ ನಿಶ್ಚಿಂತೆಯಾಗಿರುವವರಿಂದಲೇ ಈ ವ್ಯಾಪಾರಕ್ಕೆ ಲಾಭ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಹಾಗಾಗಿ ವರ್ಷಕ್ಕೆ ನಲವತ್ತರ ಆಸುಪಾಸಿನ ಬಡ್ಡಿ ಈಗಲೂ ಕಾನೂನುಬದ್ಧ.

ಇರಲಿ, ಬಾಕಿ ಉಳಿಸಿಕೊಳ್ಳದೆ ಪೂರ್ತಿ ಕಟ್ಟುವ ಜಾಣರ ಮಾತಿಗೇ ಬರೋಣ. ಅವರಿಗೆ ಪಾಯಿಂಟು ನಿಜವಾಗಿಯೂ ಲಾಭ. ಆದರೆ ಅದನ್ನು ಹೋಟೆಲಿನ ಚೀಟಿಯಾಗಿಯೇ ತೆಗೆದುಕೊಳ್ಳಿ ಎಂದು ಬ್ಯಾಂಕಿಗೆ ಯಾಕಷ್ಟು ಉಮೇದು? ಇದರ ಬೇರು ಅಮೆರಿಕದಲ್ಲಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಮೈಲಿ ಲೆಕ್ಕದ ಬಹುಮಾನ ಶುರುಮಾಡಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳೂ ಅದೇ ದಾರಿ ಹಿಡಿದವು. ವಿಮಾನದ ಸೀಟಿಗೂ ಹೋಟೆಲಿನ ಕೋಣೆಗೂ ಒಂದೇ ಸ್ವಭಾವ. ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಸಲ ಮಾರಲು ಬರುವುದಿಲ್ಲ. ಹೇಗೂ ಖಾಲಿ ಇರುವ ಕೋಣೆಗೆ ಯಾರಾದರೂ ಚೀಟಿ ಹಿಡಿದು ಬಂದರೆ ಹೋಟೆಲಿನವರಿಗೆ ತಗಲುವುದು ಸೋಪು, ದುಪ್ಪಟಿ ಒಗೆಯುವ ಖರ್ಚು, ಒಂದಿಷ್ಟು ಕರೆಂಟು. ಬಂದವನು ಮಾತ್ರ ರಾತ್ರಿ ಊಟಕ್ಕೆ ಸ್ವಂತ ಜೇಬಿಗೇ ಕೈ ಹಾಕುತ್ತಾನೆ. ಹೀಗಾಗಿ ಐದು ಸಾವಿರದ ಚೀಟಿಯನ್ನು ಬ್ಯಾಂಕಿಗೆ ಸಗಟಿನಲ್ಲಿ ಕಡಿಮೆ ಬೆಲೆಗೆ ಕೊಟ್ಟರೂ ಹೋಟೆಲಿಗೆ ಗಿಟ್ಟುತ್ತದೆ, ಬ್ಯಾಂಕಿಗೆ ಐದು ಸಾವಿರ ಕೊಟ್ಟೆ ಎಂಬ ಹೆಸರು. ವಾಯಿದೆಯೊಳಗೆ ಯಾರೂ ಬಳಸದೆ ಹೋದ ಚೀಟಿಯಂತೂ ನಿವ್ವಳ ಲಾಭ.

ದೊಡ್ಡ ಖರ್ಚಿನವರ ಕಾರ್ಡುಗಳ ಕಥೆ ಬೇರೆ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಪ್ಲಾಟಿನಂ ಟ್ರಾವೆಲ್ ಕಾರ್ಡಿನಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಖರ್ಚು ಮುಟ್ಟಿಸಿದರೆ ತಾಜ್ ಹೋಟೆಲಿನ ಹತ್ತು ಸಾವಿರದ ವೋಚರು ಕೊಡುತ್ತಿದ್ದರು. ನೂರಕ್ಕೆ ಎರಡೂವರೆ ರೂಪಾಯಿ, ಒಳ್ಳೆಯ ದರವೇ. ತಾಜ್ ನಮಗೇನು ದೂರವಲ್ಲ. ಬೆಂಗಳೂರಿಗೆ ಹೋಗುವಾಗ ತುಮಕೂರು ರಸ್ತೆಯಲ್ಲೇ ಯಶವಂತಪುರದಲ್ಲಿ ಒಂದಿದೆ, ರೇಸ್‌ಕೋರ್ಸ್ ಹತ್ತಿರ 1887ರಷ್ಟು ಹಳೆಯ ವೆಸ್ಟ್ ಎಂಡ್ ಇದೆ. ತೊಡಕು ಇರುವುದು ಆ ‘ಮುಟ್ಟಿಸುವ’ ಕೆಲಸದಲ್ಲಿ. ಮೂರೂವರೆ ಲಕ್ಷಕ್ಕೆ ಬಂದು ನಿಂತವನು ಉಳಿದ ಐವತ್ತು ಸಾವಿರಕ್ಕಾಗಿ ಭಾವಮೈದುನನ ಟಿವಿಗೂ ತಾನೇ ಕಾರ್ಡು ಕೊಡುತ್ತಾನೆ, ‘ನಿಧಾನಕ್ಕೆ ಕೊಡೋ, ಅರ್ಜೆಂಟಿಲ್ಲ’ ಎನ್ನುತ್ತಾನೆ. ಭಾವಮೈದುನ ನಿಧಾನಕ್ಕೇ ಕೊಡುತ್ತಾನೆ. ಬ್ಯಾಂಕು ಅಷ್ಟು ನಿಧಾನವಲ್ಲ.

ನಮ್ಮ ಕಡೆಯ ಹುಡುಗನೊಬ್ಬನಿಗೆ ಇಂಥದ್ದೇ ಐದು ಸಾವಿರದ ಚೀಟಿ ಬಂದಿತ್ತು. ಚೀಟಿ ಎಂದರೆ ಮೊಬೈಲಿಗೆ ಬಂದ ಒಂದು ಇ-ಮೇಲು: ಉದ್ದನೆಯ ನಂಬರು, ಕೆಳಗೆ ಪಿನ್ನು, ಅದರ ಕೆಳಗೆ ಇರುವೆ ಸಾಲಿನಂಥ ಷರತ್ತು. ಇಂತಿಂಥ ದಿನ ನಡೆಯುವುದಿಲ್ಲ. ಇನ್ನೊಂದು ಚೀಟಿಯ ಜೊತೆ ಸೇರಿಸುವಂತಿಲ್ಲ. ಒಂದೇ ಸಲಕ್ಕೆ ಬಳಸಬೇಕು, ಉಳಿಕೆ ವಾಪಸಿಲ್ಲ, ನಗದು ಕೊಡುವುದಿಲ್ಲ. ಕೋಣೆ ಬಾಡಿಗೆ ದಿನಕ್ಕೆ 7,500 ದಾಟಿದರೆ ಶೇ 18 ಜಿಎಸ್‌ಟಿ ಇದೆ. ಚೀಟಿ ಕಳೆದು ಉಳಿದದ್ದು, ತೆರಿಗೆ ಎಲ್ಲ ಕೈಯಿಂದಲೇ ಬೀಳಬೇಕು. ವಾಯಿದೆ ಒಂದು ವರ್ಷ. ಗೂಳೂರಿನವರ ಒಂದು ವರ್ಷ ಎಂದರೆ ಎಷ್ಟು ದಿನ? ಕಾರ್ತಿಕದಲ್ಲಿ ಗಣಪತಿ ನೋಡಲು ಬರುವ ನೆಂಟರನ್ನು ಬಿಟ್ಟು ಹೋಗುವ ಹಾಗಿಲ್ಲ, ಹಿಂದೆಯೇ ರಾಗಿ ಕೊಯ್ಲು, ಕಣ. ಬೇಸಿಗೆ ಬಂತೆಂದರೆ ಮದುವೆಗಳು. “ಊಟಾನೂ ಅದ್ರಲ್ಲೇ ಬರುತ್ತೇನೋ?” ಎಂದು ಅವನ ತಾಯಿ ಕೇಳಿದ್ದರು. ಬರುವುದಿಲ್ಲ ಎಂದಾಗ ಆಕೆಗೆ ಆ ಹೋಟೆಲಿನ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು.

ವಾಯಿದೆ ಮುಗಿಯಲು ಕೆಲವೇ ವಾರ ಇರುವಾಗ ಹುಡುಗ ಒಂದು ಉಪಾಯ ಮಾಡಿದ. ಚಿಕ್ಕಪ್ಪನ ಮಗಳ ಮದುವೆಗೆ ಅದನ್ನೇ ಮುಯ್ಯಿ ಮಾಡಿಬಿಟ್ಟ. ಚೀಟಿಯನ್ನು ಬಣ್ಣದಲ್ಲಿ ಪ್ರಿಂಟು ತೆಗೆಸಿ, ಕವರಿಗೆ ಹಾಕಿ, ಛತ್ರದಲ್ಲಿ ಮುಯ್ಯಿ ಬರೆಯುತ್ತಿದ್ದವರ ಮುಂದೆ ಇಟ್ಟ. ಅರಿಸಿನ ಹಚ್ಚಿದ ನೋಟ್‌ಬುಕ್ಕು, ಪಕ್ಕದಲ್ಲಿ ನೋಟು ತುಂಬಿದ ಚೀಲ. ಬರೆಯುತ್ತಿದ್ದ ಹಿರಿಯರು ಕವರು ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿ, “ಎಷ್ಟು ಅಂತ ಬರೀಲಪ್ಪ?” ಅಂದರು.

“ಐದು ಸಾವಿರ ಮಾವ.”

“ಐದು ಸಾವಿರ ಅಂತ ಬರೆದ್ರೆ ನಾಳೆ ನಿನ್ ಮದುವೇಲಿ ಅವರು ಐದು ಸಾವಿರ ದುಡ್ಡೇ ಇಡಬೇಕಾಗುತ್ತೆ. ಇವರು ಆ ಹೋಟ್ಲಿಗೆ ಹೋಗದೇ ಇದ್ರೆ?”

ಹುಡುಗನ ಬಳಿ ಉತ್ತರವಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಹಿರಿಯರು ಅವನ ಹೆಸರಿನ ಮುಂದೆ ‘ಹೋಟೆಲ್ ಚೀಟಿ 1’ ಎಂದು ಬರೆದು ಮುಂದಿನವರ ಕಡೆ ಕೈ ಚಾಚಿದರು.

ರಿವಾರ್ಡ್ ಪಾಯಿಂಟಿಗೆ ಅಷ್ಟು ಚೊಕ್ಕವಾಗಿ ಬೆಲೆ ಕಟ್ಟಿದವರನ್ನು ನಾನು ನೋಡಿಲ್ಲ. ಮುಯ್ಯಿ ಪುಸ್ತಕವೂ ಒಂದು ಬಗೆಯ ಪಾಯಿಂಟಿನ ಖಾತೆಯೇ ತಾನೆ? ಕೊಟ್ಟವರ ಲೆಕ್ಕ ಇಸಿದುಕೊಂಡವರ ಮನೆಯಲ್ಲಿರುತ್ತದೆ. ಬ್ಯಾಂಕಿನದೂ ಹಾಗೆಯೇ: ನಮಗೆ ಬರಬೇಕಾದ ಬಾಕಿ, ಬರೆದಿಟ್ಟುಕೊಂಡವರು ಬಾಕಿದಾರರು. ಆದರೆ ಹತ್ತು ವರ್ಷದ ಹಿಂದೆ 501 ಇಸಿದುಕೊಂಡ ಮನೆಯವರು ‘ಮುಂದಿನ ತಿಂಗಳಿಂದ ನಿಮ್ಮ 501ಕ್ಕೆ 300 ಮಾತ್ರ’ ಎಂದು ಹೇಳಿ ಕಳಿಸುವುದಿಲ್ಲ. ಹೇಳಿದರೆ ಊರಲ್ಲಿ ತಲೆ ಎತ್ತಿ ಓಡಾಡಲಾಗುವುದಿಲ್ಲ. ಮೇಲೆ ಹತ್ತೋ ನೂರೋ ಸೇರಿಸಿಯೇ ತೀರಿಸುತ್ತಾರೆ. ಬ್ಯಾಂಕಿಗೆ ಆ ಮುಲಾಜಿಲ್ಲ. ಹತ್ತು ಸಾವಿರದ ಚೀಟಿಗೆ ಇಂದು ಇಷ್ಟು ಪಾಯಿಂಟು, ನಾಳೆ ಅದರ ಒಂದೂವರೆ ಪಾಲು. ಒಂದು ಹೋಟೆಲು ಪಟ್ಟಿಯಿಂದಲೇ ಮಾಯ. ಕಾರ್ಡಿನ ಶುಲ್ಕ ಬದಲಿಸಬೇಕಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇನೋ ಇದೆ. ಕೂಡಿಟ್ಟ ಪಾಯಿಂಟಿನ ಬೆಲೆ ಇಳಿಸಬೇಡಿ ಎಂದು ಅದು ಎಲ್ಲೂ ಹೇಳುವುದಿಲ್ಲ.

ನಮ್ಮವರು ಏಟು ತಿನ್ನುವುದು ಇಲ್ಲೇ. ಕೂಡಿಡುವುದು ನಮಗೆ ರಕ್ತದಲ್ಲೇ ಬಂದಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಕಟ್ಟಿಸಿಕೊಂಡು, ಇಡೀ ರಾಜ್ಯಕ್ಕೆ ಹನಿ ಹನಿ ಸೇರಿಸುವುದನ್ನು ಕಲಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಅಭ್ಯಾಸ ಉಳಿಯಿತು. ಪಿಗ್ಮಿಗೆ ಕಟ್ಟಿದ್ದು ಬೆಳೆಯುತ್ತದೆ. ಪಾಯಿಂಟು ಬೆಳೆಯುವುದಿಲ್ಲ, ಕೂತಲ್ಲೇ ಸವೆಯುತ್ತದೆ. ಐವತ್ತು ಸಾವಿರ ಪಾಯಿಂಟು ಆಗಲಿ, ಒಂದೇ ಸಲ ದೊಡ್ಡ ಹೋಟೆಲಿಗೆ ಹೋಗೋಣ ಎಂದು ಕಾಯುವವರು ಸವೆಯುವ ಸರಕನ್ನು ಪಿಗ್ಮಿ ಎಂದು ತಿಳಿದಿರುತ್ತಾರೆ. ಸೇರಿದ ಹಾಗೆಯೇ ಖರ್ಚು ಮಾಡಬೇಕು. ಅದನ್ನೂ ಆದಷ್ಟು ಕಾರ್ಡಿನ ಬಿಲ್ಲಿಗೇ ವಜಾ ಹಾಕಿಸಿಕೊಳ್ಳಬೇಕು. ಹಾಗೆ ಮಾಡಿದರೆ ಎಷ್ಟೋ ಕಡೆ ಪಾಯಿಂಟಿಗೆ ನಾಲ್ಕೈದು ಪೈಸೆ ಕಡಿಮೆ ಸಿಗುತ್ತದೆ, ನಿಜ. ಆದರೂ ಬಂದದ್ದು ದುಡ್ಡು. ಅದರಲ್ಲಿ ಗೊಬ್ಬರವನ್ನೂ ತರಬಹುದು. ಹೇಗೂ ಆ ಹೋಟೆಲಿಗೆ ಹೋಗುವವರಿದ್ದೀರಿ, ದಿನವೂ ಗೊತ್ತಾಗಿದೆ ಎಂದರೆ ಮಾತ್ರ ಚೀಟಿ ವಾಸಿ. ಕಾರ್ಡು ಬೇಡ ಎನಿಸಿ ಮುಚ್ಚಿಸುವಾಗಲೂ ಮೊದಲು ಪಾಯಿಂಟು ಖಾಲಿ ಮಾಡಿ, ಆಮೇಲೆ ಅರ್ಜಿ ಕೊಡಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಅದೂ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ.

ಈ ಬಹುಮಾನದ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು ದಿನಕ್ಕೆ ಸಾಲುವಷ್ಟು ದೊಡ್ಡ ವಿಷಯ. ಒಂದಿಷ್ಟು ಬಡ್ಡಿ ಕಟ್ಟುವವರಿಂದ, ಇನ್ನೊಂದಿಷ್ಟು ಕಾರ್ಡು ಉಜ್ಜಿದಾಗೆಲ್ಲ ಅಂಗಡಿಯವನು ನೂರಕ್ಕೆ ಎರಡರ ಹತ್ತಿರ ಬಿಟ್ಟುಕೊಡುವ ಹಣದಿಂದ. ಅಂಗಡಿಯವನು ಅದನ್ನು ಬೆಲೆಯಲ್ಲಿ ಸೇರಿಸಿಕೊಂಡಿರುತ್ತಾನೆ. ನಗದು ಎಣಿಸಿಕೊಟ್ಟು ಸೀರೆ ಕೊಳ್ಳುವ ಅಜ್ಜಿಗೂ ಅದೇ ಬೆಲೆ.

ಹೆಚ್ಚು ಅವಸರದ ಸಂಗತಿ ಮೋಸದ ಮೆಸೇಜು. ‘ನಿಮ್ಮ 9,980 ರೂಪಾಯಿಯ ರಿವಾರ್ಡ್ ಪಾಯಿಂಟು ಇಂದು ರಾತ್ರಿ ರದ್ದಾಗಲಿದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂಬ ಧಾಟಿಯಲ್ಲಿ ವಾಟ್ಸ್‌ಆ್ಯಪಿಗೆ ಬರುತ್ತದೆ, ಜೊತೆಗೊಂದು ಎಪಿಕೆ ಫೈಲು. ಸ್ಟೇಟ್ ಬ್ಯಾಂಕಿನ ಹೆಸರಿನಲ್ಲಿ ಇಂಥವು ಹರಿದಾಡಿದಾಗ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯೇ 2024ರಲ್ಲಿ ಇದು ಸುಳ್ಳು ಎಂದು ಎಚ್ಚರಿಸಿತ್ತು. ಫೈಲು ಒತ್ತಿದರೆ ಫೋನಿಗೆ ಬರುವ ಓಟಿಪಿ ಕಳ್ಳನ ಕೈಗೂ ಹೋಗುತ್ತದೆ, ಖಾತೆ ಬರಿದಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟದ್ದು ಒಂದು ರಾತ್ರಿಯಲ್ಲಿ ಹೋಗುತ್ತದಲ್ಲ ಎಂಬ ಗಾಬರಿಯೇ ಆ ಕಳ್ಳನ ಬಂಡವಾಳ. ಕಾರ್ಡು ಇಲ್ಲದವರೂ ಬೇಕಾದಷ್ಟು ಜನ ಒತ್ತಿದ್ದಾರೆ. ಪಾಯಿಂಟು ಎಷ್ಟಿದೆ ಎಂದು ನೋಡಬೇಕಿದ್ದರೆ ಬ್ಯಾಂಕಿನ ಸ್ವಂತ ಆ್ಯಪಿನಲ್ಲೋ ತಿಂಗಳ ಸ್ಟೇಟ್‌ಮೆಂಟಿನಲ್ಲೋ ನೋಡಿ. ಒತ್ತಿಯೇ ಬಿಟ್ಟಿದ್ದರೆ ಮೊದಲು ಫೋನಿನ ಡೇಟಾ ಆಫ್ ಮಾಡಿ, ಬೇರೆಯವರ ಫೋನಿನಿಂದ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಬೆಳಗಾಗಲಿ, ತುಮಕೂರಿಗೆ ಹೋಗಿ ಬ್ರಾಂಚಿನಲ್ಲೇ ಕೇಳೋಣ ಎಂದು ಕಾಯಬೇಡಿ.