ಹಗ್ಗದ ಇನ್ನೊಂದು ತುದಿ

ಮೇಲುಕೋಟೆಯ ನಮ್ಮ ಮನೆಯಲ್ಲಿ ಶ್ರೀವೈಷ್ಣವರ ಎರಡೂ ಪಕ್ಷಗಳಿದ್ದವು. ತಾತ ತೆಂಗಲೆ, ಅಜ್ಜಿಯ ತವರು ವಡಗಲೆ. ಊಟ ಮುಗಿದು ಎಲೆಯಡಿಕೆ ತಟ್ಟೆ ಬಂದರೆ ಸಾಕು, ಅದೇ ಹಳೇ ವಾದ ಏಳುತ್ತಿತ್ತು: ದೇವರಿಗೆ ಶರಣಾಗತಿ ಎಂದರೆ ಕೋತಿಮರಿಯದೋ, ಬೆಕ್ಕಿನ ಮರಿಯದೋ? ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಂಡಿರಬೇಕು, ಕೈ ಬಿಟ್ಟರೆ ಮುಗಿಯಿತು. ಇದು ಅಜ್ಜಿಯ ಕಡೆಯವರ ಮರ್ಕಟ ನ್ಯಾಯ. ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಇದು ತಾತನ ಮಾರ್ಜಾಲ ನ್ಯಾಯ. ಅಜ್ಜಿ ಯೋಗನರಸಿಂಹನ ಬೆಟ್ಟದ ಕೋತಿಗಳನ್ನು ಸಾಕ್ಷಿಗೆ ಕರೆದರೆ, ತಾತ ನಮ್ಮ ಅಟ್ಟದ ಬೆಕ್ಕನ್ನು ಕರೆಯುತ್ತಿದ್ದರು. ವಾದ ತೀರಲೇ ಇಲ್ಲ.

ಅದು ಮತ್ತೆ ನೆನಪಾದದ್ದು ಸ್ವಿಟ್ಜರ್ಲೆಂಡಿನಲ್ಲಿ, ಒಂದು ಫೆಬ್ರವರಿಯ ಬೆಳಿಗ್ಗೆ. ಜರ್ಮಾಟ್‌ನಿಂದ ಕೇಬಲ್ ಕಾರಿನಲ್ಲಿ 3883 ಮೀಟರಿನ ಕ್ಲೈನ್ ಮ್ಯಾಟರ್‌ಹಾರ್ನ್‌ಗೆ ಬಂದು, ಸುರಂಗ ದಾಟಿ, ಹಿಮನದಿಯ ಅಂಚಿನಲ್ಲಿ ನಿಂತಿದ್ದೆ. ಮುಂದೆ 4164 ಮೀಟರಿನ ಬ್ರೈಟ್‌ಹಾರ್ನ್. ಜೊತೆಗೆ ಮಾತು ಕಡಿಮೆಯ, ಅರವತ್ತರ ಹತ್ತಿರದ ಒಬ್ಬ ಗೈಡ್. ನನ್ನ ಲೆಕ್ಕ ಸರಳವಾಗಿತ್ತು: ದುಡ್ಡು ಕೊಟ್ಟಿದ್ದೇನೆ, ಇನ್ನು ನಾನು ಬೆಕ್ಕಿನ ಮರಿ.

ಆತ ಹಗ್ಗದ ತುದಿಯನ್ನು ನನ್ನ ಕೈಗಿಟ್ಟು, "ನೀವೇ ಕಟ್ಟಿಕೊಳ್ಳಿ" ಎಂದ. ಹಿಂದಿನ ರಾತ್ರಿ ಹೋಟೆಲಿನ ಮಂಚದ ಕಾಲಿಗೆ ಕಟ್ಟಿ ಕಲಿತ ಎಂಟರ ಆಕಾರದ ಗಂಟು. ಕೈಗವಸು ತೆಗೆದ ನಿಮಿಷದಲ್ಲೇ ಬೆರಳುಗಳು ನನ್ನವಲ್ಲ ಅನ್ನಿಸಿತು. ಹೇಗೋ ಕಟ್ಟಿದೆ. ಆತ ನೋಡಿ, ಬಿಚ್ಚಿ, "ಇನ್ನೊಮ್ಮೆ" ಎಂದ. ಎರಡನೆಯದರ ಒಂದೊಂದು ಎಳೆಯ ಮೇಲೂ ಹೆಬ್ಬೆರಳಾಡಿಸಿ, ಜಗ್ಗಿ ನೋಡಿ, ತಲೆಯಾಡಿಸಿದ. ಆಮೇಲೆ ತನ್ನ ಸೊಂಟದ ಗಂಟು ತೋರಿಸಿ, "ಈಗ ನನ್ನದನ್ನು ನೀವು ನೋಡಿ" ಎಂದ. ಒಂದೇ ರಾತ್ರಿಯ ವಿದ್ಯೆಯವನು ನಾನು! ಆದರೂ ನೋಡಿದೆ.

ಚಳಿಗಾಲದ ಹಿಮನದಿ ನೋಡಲು ಹಾಸಿದ ಬಿಳಿ ಪಂಚೆ. ಅದರಡಿ ಆಳವಾದ ಬಿರುಕುಗಳಿರುತ್ತವೆ, ಮೇಲೆ ತೆಳ್ಳಗಿನ ಹಿಮದ ಸೇತುವೆ. ಇಬ್ಬರೇ ಇದ್ದರೆ ನಡುವೆ ಉದ್ದ ಅಂತರ ಬಿಟ್ಟು, ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕುತ್ತಾರೆ. ಒಬ್ಬ ಬಿದ್ದರೆ ಗಂಟು ಬಿರುಕಿನ ಅಂಚಿಗೆ ಕಚ್ಚಿ, ಮೇಲಿದ್ದವನ ಭಾರ ಹಗುರಾಗಲಿ ಎಂದು. ಹಗ್ಗ ಸುರುಳಿಯಾಗಿ ಕಾಲಡಿ ಬೀಳಬಾರದು, ಮುಂದಿನವನನ್ನು ಜಗ್ಗಲೂಬಾರದು. ಒಂದು ಗಂಟೆ ನಾನು ಆಲ್ಪ್ಸ್ ನೋಡಲಿಲ್ಲ, ಹಗ್ಗವನ್ನಷ್ಟೇ ನೋಡಿದೆ. ಬೆಕ್ಕಿನ ಮರಿಗೆ ಈ ಕೆಲಸವಿಲ್ಲ. ಹಾಗೆಂದು ನಾನು ಕೋತಿಮರಿಯೂ ಅಲ್ಲ: ಬಿರುಕಿಗೆ ಬಿದ್ದ ಮೇಲೆ ನನ್ನ ಬಿಗಿಹಿಡಿತ ಏನು ಮಾಡೀತು? ಹಿಡಿಯಬೇಕಾದವನು ಆತ. ಆದರೆ ಮುಂದೆ ನಡೆಯುತ್ತಿರುವವನೇ ಮೊದಲು ಬೀಳುವವನು. ಆಗ ಹಿಡಿಯಬೇಕಾದವನು ನಾನು. ತನ್ನ ಗಂಟನ್ನು ನನ್ನಿಂದ ಯಾಕೆ ನೋಡಿಸಿದ ಎಂಬುದು ಆಗ ಹೊಳೆಯಿತು.

ಹಿಂದಿನ ಸಂಜೆ ಜರ್ಮಾಟ್‌ನ ಮ್ಯೂಸಿಯಂನಲ್ಲಿ ಒಂದು ತುಂಡು ಹಗ್ಗ ನೋಡಿದ್ದೆ, ನಮ್ಮ ಬಾವಿಯ ಹಗ್ಗಕ್ಕಿಂತ ತೆಳ್ಳಗಿನದು. 1865ರ ಜುಲೈ 14ರಂದು ಏಳು ಜನ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ಏರಿದರು. ಇಳಿಯುವಾಗ ಹ್ಯಾಡೋ ಎಂಬ ಅನನುಭವಿ ಯುವಕ ಜಾರಿದ, ಇದೇ ಹಗ್ಗ ಹರಿಯಿತು, ನಾಲ್ವರು ಸತ್ತರು. ಉಳಿದವರು ತಂಡದ ಮುಂದಾಳು ವಿಂಪರ್ ಮತ್ತು ಗೈಡ್‌ಗಳಾದ ಟೌಗ್‌ವಾಲ್ಡರ್ ತಂದೆ-ಮಗ. ತಂದೆಯೇ ಹಗ್ಗ ಕತ್ತರಿಸಿದನೆಂದು ಊರು ಆಡಿಕೊಂಡಿತು, ವಿಚಾರಣೆಯಲ್ಲಿ ತಪ್ಪಿಲ್ಲವೆಂದಾಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಿಶೆಲ್ ಕ್ರೋ. ಶಾಮೊನಿಯ ಹೆಸರಾಂತ ಗೈಡ್. ತಾನು ಕರೆದೊಯ್ದವರ ಜೊತೆಗೇ ಬಿದ್ದು ಹೋದ.

ಕೊನೆಯ ಇಳಿಜಾರಿನ ಬುಡದಲ್ಲಿ ಗಾಳಿ ಎದ್ದಿತು. ಗೈಡ್ ಹಿಮಕ್ಕೆ ಕೋಲು ಚುಚ್ಚಿ ನೋಡಿದ. ಹೆಜ್ಜೆಯಿಟ್ಟಲ್ಲಿ ಕಾಲಡಿಯಿಂದ ಧಪ್ ಎಂಬ ಟೊಳ್ಳು ಸದ್ದು: ಗಾಳಿ ತಂದು ಪೇರಿಸಿದ ಪದರ ಕೆಳಗಿನದಕ್ಕೆ ಕಚ್ಚಿಕೊಂಡಿಲ್ಲ. "ವಾಪಸ್" ಎಂದ. ತುದಿ ಕಣ್ಣಳತೆಯಲ್ಲಿತ್ತು. ರಜೆ, ದುಡ್ಡು, ಫೋಟೊ ಎಲ್ಲ ನೆನಪಾಗಿ ಗೋಗರೆದೆ. ಆತ ಹವಾಮಾನ ಹೇಳುವ ದನಿಯಲ್ಲೇ, "ಅದು ಜಾರಿದರೆ ಇಬ್ಬರೂ ಹೋಗುತ್ತೇವೆ" ಎಂದ. ಇದೇ ಮಾತನ್ನು ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತವನು ಹೇಳಿದ್ದರೆ ವಾದಿಸುತ್ತಿದ್ದೆ. ಈತನ ಸೊಂಟದ ಗಂಟನ್ನು ನಾನೇ ಕಣ್ಣಾರೆ ನೋಡಿದ್ದೆ. ತಿರುಗಿದೆ.

ತಾತ, ಅಜ್ಜಿ ಇಬ್ಬರೂ ಮರಿಯ ಕರ್ತವ್ಯವನ್ನೇ ಚರ್ಚಿಸಿದರು. ತಾಯಿಯ ಪಾಡನ್ನು ಕೇಳಲಿಲ್ಲ. ಉತ್ತರ ನಮ್ಮೂರ ಕಥೆಯಲ್ಲೇ ಇತ್ತು. ದೆಹಲಿ ಸೇರಿದ್ದ ಉತ್ಸವಮೂರ್ತಿಯನ್ನು ರಾಮಾನುಜರು ಮಗುವನ್ನು ಕರೆಯುವಂತೆ ಕರೆದರಂತೆ, ಚೆಲುವಪಿಳ್ಳೆ ಬಂದು ಅವರ ತೊಡೆಯೇರಿ ಕೂತನಂತೆ. ಅಲ್ಲಿ ಯಾರು ಯಾರಿಗೆ ಶರಣು? ಇಂದಿಗೂ ಆ ದೇವರಿಗೆ ಸಂಪತ್ಕುಮಾರನೆಂದೇ ಹೆಸರು. ಭಕ್ತನಿಗೆ ಮಗನಾದ ದೇವರು, ತಾನೂ ಹಗ್ಗ ಕಟ್ಟಿಕೊಂಡ ದೇವರು.

ದಾರಿ ತೋರಿಸುತ್ತೇವೆ ಎನ್ನುವವರು ಈಗ ಬೀದಿಗೊಬ್ಬರಿದ್ದಾರೆ. ಶರಣಾಗಬೇಡಿ ಎಂದು ನಾನು ಹೇಳುವುದಿಲ್ಲ, ಅಂದು ನಾನೇ ಶರಣಾಗಿದ್ದೆ. ಆದರೆ ಯಾರದೇ ಕಾಲಿಗೆ ಬೀಳುವ ಮೊದಲು ಒಮ್ಮೆ ಅವರ ಸೊಂಟ ನೋಡಿ: ನಿಮ್ಮ ಹಗ್ಗದ ಇನ್ನೊಂದು ತುದಿ ಅಲ್ಲಿದೆಯೇ?