ಅನಿತ್ಯದ ನಡುವೆ ಹೂಡಿಕೆ: ತಂತ್ರಜ್ಞಾನದ ಷೇರು ಮತ್ತು ವಿವೇಕ

ಭಾರತೀಯ ಧರ್ಮಚಿಂತನೆಯು ಸಂಪತ್ತನ್ನು ತುಚ್ಛವೆಂದು ತಳ್ಳಿಹಾಕದೆ, ಅರ್ಥವನ್ನು ನಾಲ್ಕು ಪುರುಷಾರ್ಥಗಳಲ್ಲಿ ಒಂದೆಂದು ಒಪ್ಪಿ, ಅದು ಧರ್ಮದ ಅಂಕೆಯಲ್ಲಿರಬೇಕೆಂದು ವಿಧಿಸಿದೆ. ತಾನು ದುಡಿಯದ ಕಾರ್ಖಾನೆಯ ಲಾಭದಲ್ಲಿ ಪಾಲು ಪಡೆಯುವ ಷೇರುದಾರನ ಗಳಿಕೆ ಈ ಅಂಕೆಯೊಳಗೆ ಬರುತ್ತದೆಯೇ, ಇಲ್ಲವೇ ಅದು ಜೂಜಿನ ಇನ್ನೊಂದು ರೂಪವೇ ಎಂಬ ಪ್ರಶ್ನೆಯು, ಬೇಗನೆ ಹಳತಾಗುವ ತಂತ್ರಜ್ಞಾನವನ್ನು ನಂಬಿ ನಿಂತ ಕಂಪನಿಗಳ ವಿಷಯದಲ್ಲಿ ಇನ್ನಷ್ಟು ತೀವ್ರವಾಗುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಮನೆಗಳಿಗೆ ಇದು ದೂರದ ಪ್ರಶ್ನೆಯಲ್ಲ. ರಾಗಿ ಬೆಳೆಯುವ ಆ ಸೀಮೆಯಲ್ಲೇ ಕೈಗಡಿಯಾರದಿಂದ ವಿದ್ಯುತ್ ಸ್ಕೂಟರಿನವರೆಗಿನ ಕಾರ್ಖಾನೆಗಳು ಎದ್ದು ನಿಂತಿವೆ.

ಅದ್ವೈತ ವೇದಾಂತವು ಸಾಧಕನಲ್ಲಿ ನಿರೀಕ್ಷಿಸುವ ನಾಲ್ಕು ಅರ್ಹತೆಗಳಲ್ಲಿ ಮೊದಲನೆಯದು ನಿತ್ಯಾನಿತ್ಯವಸ್ತುವಿವೇಕ, ಅಂದರೆ ಉಳಿಯುವುದನ್ನೂ ಅಳಿಯುವುದನ್ನೂ ಬೇರ್ಪಡಿಸಿ ಅರಿಯುವ ಶಕ್ತಿ. ಆ ದರ್ಶನದಲ್ಲಿ ಬ್ರಹ್ಮವೊಂದೇ ನಿತ್ಯವಾದ್ದರಿಂದ ಯಾವ ಕಂಪನಿಯೂ ಆ ಸ್ಥಾನಕ್ಕೆ ಏರಲಾರದು. ಆದರೂ ವ್ಯವಹಾರದ ನೆಲೆಯಲ್ಲಿ ಬೇಗ ಸವೆಯುವುದಕ್ಕೂ ಬಹುಕಾಲ ಬಾಳುವುದಕ್ಕೂ ಇರುವ ಅಂತರವನ್ನು ಕಾಣಲು ಅದೇ ಶಿಸ್ತು ನೆರವಾಗುತ್ತದೆ. ಇದಕ್ಕೆ ಕೈಗಡಿಯಾರದ ಉದ್ಯಮವೇ ನಿದರ್ಶನ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿದ ಸರ್ಕಾರಿ ಸ್ವಾಮ್ಯದ ಎಚ್‌ಎಂಟಿ, ಕೀಲಿ ಕೊಟ್ಟು ನಡೆಸುವ ಯಾಂತ್ರಿಕ ಗಡಿಯಾರದಿಂದ ಮನೆಮಾತಾಯಿತು. ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟಾನ್, ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ತುಣುಕಿನಿಂದ ಕಾಲವನ್ನು ಅಳೆಯುವ ಕ್ವಾರ್ಟ್ಜ್ ವಿಧಾನವನ್ನು ನಂಬಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಎಚ್‌ಎಂಟಿಯ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟವು 2016ರಲ್ಲಿ ಒಪ್ಪಿಗೆ ನೀಡಿತು. ಹಾಗೆಂದು ಗೆದ್ದದ್ದು ಕ್ವಾರ್ಟ್ಜ್ ಎನ್ನುವುದೂ ಪೂರ್ಣ ಸತ್ಯವಲ್ಲ: ಆ ವಿಧಾನ ಎಲ್ಲರ ಕೈಗೂ ಎಟುಕಿ, ಮೊಬೈಲ್ ಫೋನೇ ಗಡಿಯಾರವಾದ ಮೇಲೂ ಟೈಟಾನ್ ಬೆಳೆದದ್ದು, ತೊಂಬತ್ತರ ದಶಕದಲ್ಲಿ ಅದು ಪ್ರವೇಶಿಸಿದ ಆಭರಣದ ವ್ಯಾಪಾರವೇ ಇಂದು ಅದರ ವರಮಾನದ ಬಹುಪಾಲನ್ನು ತರುತ್ತಿರುವುದರಿಂದ. ದೀರ್ಘಕಾಲದ ಹೂಡಿಕೆದಾರನು ತೂಗಬೇಕಾದದ್ದು ಯಂತ್ರವನ್ನಲ್ಲ, ಯಂತ್ರ ಹಳತಾದಾಗ ಹೊಸದನ್ನು ಕಲಿಯುವ ಸಂಸ್ಥೆಯ ಸಾಮರ್ಥ್ಯವನ್ನೂ ಗ್ರಾಹಕರ ವಿಶ್ವಾಸವನ್ನೂ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿವೇಕಕ್ಕೆ ಎದುರಾದದ್ದು ಮೋಹ, ಅಂದರೆ ಬಯಸಿದ್ದನ್ನೇ ನಿಜವೆಂದು ಬಗೆಯುವ ಸ್ಥಿತಿ. ಷೇರು ಪೇಟೆಯಲ್ಲಿ ಅದು ಬೆಲೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಷೇರಿನ ಪೇಟೆ ಬೆಲೆಯನ್ನು ಆ ಷೇರಿನ ಪಾಲಿಗೆ ಬರುವ ವಾರ್ಷಿಕ ಲಾಭದಿಂದ ಭಾಗಿಸಿದರೆ ದೊರೆಯುವ ಬೆಲೆ-ಗಳಿಕೆ ಅನುಪಾತವು, ಒಂದು ರೂಪಾಯಿ ಲಾಭಕ್ಕೆ ಜನ ಎಷ್ಟು ರೂಪಾಯಿ ತೆರಲು ಸಿದ್ಧರಿದ್ದಾರೆಂದು ತಿಳಿಸುತ್ತದೆ. ನಷ್ಟದಲ್ಲಿರುವ ಕಂಪನಿಗೆ ಈ ಅಳತೆ ಅನ್ವಯಿಸದಿರುವುದರಿಂದ, ಅಲ್ಲಿ ಬೆಲೆ ಕಟ್ಟುವ ಕೆಲಸವನ್ನು ಬಹುಮಟ್ಟಿಗೆ ನಿರೀಕ್ಷೆಯೇ ಮಾಡುತ್ತದೆ. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಸ್ಕೂಟರ್ ತಯಾರಿಸುವ ಓಲಾ ಎಲೆಕ್ಟ್ರಿಕ್, ಇನ್ನೂ ನಷ್ಟದಲ್ಲಿದ್ದಾಗಲೇ 2024ರ ಆಗಸ್ಟ್‌ನಲ್ಲಿ ತಲಾ 76 ರೂಪಾಯಿಗೆ ಷೇರು ನೀಡಿತು. ಆ ಬೆಲೆ ಅದೇ ತಿಂಗಳು 150 ರೂಪಾಯಿ ದಾಟಿ, ವರ್ಷ ಮುಗಿಯುವ ಮೊದಲೇ 76ಕ್ಕಿಂತ ಕೆಳಗಿಳಿದಿತ್ತು. ಅಷ್ಟು ಕಡಿಮೆ ಅವಧಿಯಲ್ಲಿ ಕಾರ್ಖಾನೆಯ ನೈಜ ಸಾಮರ್ಥ್ಯ ಇಮ್ಮಡಿಯಾಗಿ ಮತ್ತೆ ಕುಗ್ಗುವುದು ಸಾಧ್ಯವಿಲ್ಲ. ಏರಿ ಇಳಿದದ್ದು ಬಹುಪಾಲು ಜನರ ನಿರೀಕ್ಷೆ. ಆದುದರಿಂದ ಮಾರಾಟದಿಂದ ನಿಜವಾಗಿ ಕೈಗೆ ಬರುವ ನಗದು, ಸಾಲದ ಹೊರೆ, ಸಂಶೋಧನೆಗೆ ಮಾಡುವ ವೆಚ್ಚ, ಸರ್ಕಾರದ ಸಬ್ಸಿಡಿ ನಿಂತರೂ ನಡೆಯುವ ಶಕ್ತಿ ಇವುಗಳನ್ನು ಹಲವು ವರ್ಷಗಳ ಲೆಕ್ಕಪತ್ರದಲ್ಲಿ ಹುಡುಕುವ ಶ್ರಮವು ಮೋಹವನ್ನು ಹರಿಯುವ ಸಾಧನೆಯೇ ಆಗಿದೆ.

ಇಷ್ಟರಿಂದ ಗಳಿಕೆ ಜಾಣತನದ್ದಾಗಬಹುದು, ಧರ್ಮ್ಯವಾಗಲು ಇನ್ನೊಂದು ಪರೀಕ್ಷೆ ಬೇಕು. ಶರಣರು ಕಾಯಕವೆಂದು ಕರೆದದ್ದು ಪ್ರಾಮಾಣಿಕ ದುಡಿಮೆಯನ್ನು. ದಾಸೋಹವೆಂದದ್ದು ಅದರ ಫಲವನ್ನು ಸಮಾಜಕ್ಕೆ ಅರ್ಪಿಸುವುದನ್ನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂದು ಶರಣ ಪರಂಪರೆ ನೆನೆಯುತ್ತದೆ; ಗಳಿಕೆಗೂ ಮಿತಿ ಬೇಕೆಂಬುದು ಇದರ ತಿರುಳು. ಪೇಟೆಯಲ್ಲಿ ಇನ್ನೊಬ್ಬರಿಂದ ಷೇರು ಕೊಂಡವನ ಹಣ ಕಂಪನಿಗೆ ಹೋಗದೆ ಮಾರಿದವನಿಗೆ ಸೇರುವುದರಿಂದ, ಆತ ಕಾಯಕದಲ್ಲಿ ಪಾಲ್ಗೊಳ್ಳುವುದು ನಷ್ಟದ ಹೊಣೆ ಹೊರುವುದರಿಂದ ಮತ್ತು ಒಡೆಯನಾಗಿ ಎಚ್ಚರದಿಂದಿರುವುದರಿಂದ ಮಾತ್ರ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ 2022-23ರಿಂದ ಕಡ್ಡಾಯಗೊಳಿಸಿದ ಹೊಣೆಗಾರಿಕೆಯ ವರದಿಯಲ್ಲಿ ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ಸಂಖ್ಯೆ, ವೇತನ, ಸುರಕ್ಷತೆ, ನೀರಿನ ಬಳಕೆಗಳ ವಿವರ ಇರುತ್ತದೆ. ಲಾಭದ ಪುಟವನ್ನು ಓದಿ ಈ ಪುಟಗಳನ್ನು ಬಿಟ್ಟವನು ಕಂಪನಿಯ ಅರ್ಧವನ್ನಷ್ಟೇ ಕಂಡವನಾಗುತ್ತಾನೆ; ದುಡಿಯುವವರ ದಣಿವಿನಿಂದ ಹಿಗ್ಗಿದ ಲಾಭ ಬಹುಕಾಲ ಬಾಳುವುದು ಕಷ್ಟ, ಬಾಳಿದರೂ ಅದು ಧರ್ಮದ ಅಂಕೆ ಮೀರಿದ್ದು.

ಹೀಗೆ ನೋಡಿದಾಗ ಹೂಡಿಕೆಯನ್ನು ಜೂಜಿನಿಂದ ಬೇರ್ಪಡಿಸುವುದು ಷೇರಿನ ಸ್ವರೂಪವಲ್ಲ, ಕೊಳ್ಳುವವನ ಅರಿವು ಮತ್ತು ಹೊಣೆ. ತಾನು ಕೊಂಡದ್ದೇನೆಂದು ತಿಳಿದು, ಅದು ಅನಿತ್ಯವೆಂದು ಒಪ್ಪಿ, ಯಾರ ದುಡಿಮೆಯಿಂದ ಫಲ ಬರುತ್ತಿದೆಯೋ ಅವರ ಹಿತವನ್ನು ವಿಚಾರಿಸಿ, ಬಂದದ್ದರಲ್ಲಿ ಮಿತಿಯನ್ನೂ ದಾಸೋಹವನ್ನೂ ಪಾಲಿಸುವ ಷೇರುದಾರನ ಗಳಿಕೆಯು ಪುರುಷಾರ್ಥವೆನಿಸಲು ಅರ್ಹವಾಗಿದೆ. ಇವುಗಳಲ್ಲಿ ಯಾವುದನ್ನೂ ಮಾಡದವನು ಅದೇ ಷೇರನ್ನು ಇಪ್ಪತ್ತು ವರ್ಷ ಇಟ್ಟುಕೊಂಡರೂ ಆಡಿದ್ದು ಜೂಜನ್ನೇ.