ಒಪ್ಪೋಲೆ

ನವೆಂಬರ್ ಬಂತೆಂದರೆ ಪುಸ್ತಕದಂಗಡಿಗಳ ಮುಂದೆ ರಿಯಾಯಿತಿಯ ಫಲಕ ಏಳುತ್ತದೆ, ನಮ್ಮ ನಿಮ್ಮಂಥವರ ಕೈಚೀಲ ತುಸು ಭಾರವಾಗುತ್ತದೆ. ಈ ಸಲ ನಾನು ಕಥೆ, ಕಾದಂಬರಿಯ ಸಾಲಿನತ್ತ ಹೋಗದೆ ಇತಿಹಾಸದ್ದೊಂದು, ಜೀವವಿಜ್ಞಾನದ್ದೊಂದು ಹೊಸ ಪುಸ್ತಕ ತಂದೆ. ತಂದದ್ದೇನೋ ಸರಿ, ಕಪಾಟಿನಲ್ಲಿ ಇಡಲು ಜಾಗವಿಲ್ಲ. ಹಳೆಯವನ್ನು ಒಂದೊಂದಾಗಿ ಇಳಿಸುತ್ತಿದ್ದಾಗ ಯಾವುದೋ ಪುಸ್ತಕದ ಹೊಟ್ಟೆಯಿಂದ ಹಳದಿಗಟ್ಟಿದ ಚೀಟಿಯೊಂದು ಜಾರಿ ಬಿತ್ತು. ಎಡಕ್ಕೆ ‘ತಪ್ಪು’, ಬಲಕ್ಕೆ ‘ಒಪ್ಪು’, ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಒಪ್ಪೋಲೆ’. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಇದು ಮದುವೆಯೂಟದ ಉಪ್ಪಿನಷ್ಟೇ ಸಾಮಾನ್ಯವಾಗಿತ್ತು. ಹೊಸ ಪುಸ್ತಕಗಳೆರಡರಲ್ಲೂ ಹುಡುಕಿದೆ, ಇರಲಿಲ್ಲ. ತಪ್ಪಿಲ್ಲವೆಂದಲ್ಲ, ಮೂವತ್ತು ಪುಟ ದಾಟುವಷ್ಟರಲ್ಲೇ ನನಗೆ ನಾಲ್ಕು ಸಿಕ್ಕಿದ್ದವು.

ಎಷ್ಟು ಚೆಂದದ ಮಾತು ನೋಡಿ. ಒಪ್ಪು ಎಂದರೆ ಸರಿಯಾದದ್ದು. ಒಪ್ಪು ಎಂದರೆ ಒಪ್ಪಿಕೋ ಎಂದೂ ಹೌದು. ಓಲೆಯಂತೂ ತಾಳೆಗರಿಯ ಕಾಲದ್ದು. ಆಗಿನ ಲಿಪಿಕಾರರು ಪ್ರತಿ ಮಾಡಿ ಮುಗಿಸಿದ ಮೇಲೆ ಕೊನೆಯ ಗರಿಯಲ್ಲಿ, ಕೈತಪ್ಪನ್ನು ಸಜ್ಜನರು ಮನ್ನಿಸಬೇಕೆಂದು ಬೇಡಿಕೊಳ್ಳುತ್ತಿದ್ದರು. ಕಥೆಯ ಪುಸ್ತಕಕ್ಕೆ ಕಾಗುಣಿತದ ಒಪ್ಪೋಲೆ ಸಾಕು. ಇತಿಹಾಸ, ವಿಜ್ಞಾನಗಳಿಗೆ ಸಾಲದು. ಅವುಗಳ ಒಪ್ಪೋಲೆ ಬರುವುದು ಬಹಳ ತಡವಾಗಿ, ಬೇರೆಯವರ ಕೈಯಿಂದ. ಕೌಟಿಲ್ಯನ ಹೆಸರು, ಅವನ ಮಾತಿನ ತುಣುಕುಗಳು ಬೇರೆ ಗ್ರಂಥಗಳಲ್ಲಿ ಸಿಗುತ್ತಿದ್ದವೇ ಹೊರತು ಅವನ ಅರ್ಥಶಾಸ್ತ್ರ ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದರು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ಓಲೆಗರಿಯ ಕಟ್ಟು ತಂದುಕೊಟ್ಟರು. ಗ್ರಂಥಲಿಪಿಯ ಆ ಕಟ್ಟನ್ನು ಬಿಚ್ಚಿ ಓದಿ, ಇದು ಅದೇ ಎಂದು ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾದ ಮೇಲೆ, ಪ್ರಾಚೀನ ಭಾರತದವರಿಗೆ ಪರಲೋಕದ ಚಿಂತೆಯೇ ಹೆಚ್ಚು, ರಾಜ್ಯದ ಲೆಕ್ಕಾಚಾರ ಕಡಿಮೆ ಎಂದು ಬರೆದಿದ್ದವರೆಲ್ಲ ತಮ್ಮ ಪುಟಗಳನ್ನು ತಿರುಗಿ ನೋಡಬೇಕಾಯಿತು. ಒಂದು ಕಟ್ಟು ಗರಿ ಒಂದು ಶಾಸ್ತ್ರಕ್ಕೇ ಒಪ್ಪೋಲೆಯಾಯಿತು.

ಇನ್ನೊಂದು ಸಂಗತಿ ಈ ಜೀವವಿಜ್ಞಾನದ ಪುಸ್ತಕದ ನೆಪದಲ್ಲಿ ನೆನಪಾಯಿತು, ಅದು ನನ್ನನ್ನು ಒಂದು ವಾರ ಬಿಡಲಿಲ್ಲ. ಮನುಷ್ಯನ ಜೀವಕೋಶದಲ್ಲಿ ಕ್ರೋಮೋಸೋಮುಗಳು ಎಷ್ಟು? 46 ಎಂದು ಈಗ ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. ಆದರೆ 1920ರ ದಶಕದಲ್ಲಿ ಅಮೆರಿಕದ ಪೇಂಟರ್ ಎಂಬ ವಿಜ್ಞಾನಿ 48 ಎಂದು ಎಣಿಸಿದ. ಮುಂದೆ ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರೂ 48ನ್ನೇ ಕಂಡರು. 1955ರ ಕೊನೆಯಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಜೋ ಹಿನ್ ತ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಹೊಸ ವಿಧಾನದಲ್ಲಿ ಕೋಶಗಳನ್ನು ಹರಡಿ ನೋಡಿದರು, 46. ಮರುವರ್ಷ ಪ್ರಕಟಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಅದಕ್ಕೂ ಮೊದಲೇ ಅದೇ ದೇಶದ ಬೇರೆ ಕೆಲವರು ಯಕೃತ್ತಿನ ಕೋಶಗಳಲ್ಲಿ ಎಣಿಸಿ, ಇನ್ನೆರಡು ಎಲ್ಲಿ ಹೋದವೆಂದು ತಿಳಿಯದೆ, ಕೆಲಸವನ್ನೇ ನಿಲ್ಲಿಸಿಬಿಟ್ಟಿದ್ದರಂತೆ. ಕಣ್ಣು ಸರಿಯಾಗಿಯೇ ಹೇಳಿತ್ತು. ಅಚ್ಚಾದ ಪುಸ್ತಕದ ಮುಂದೆ ಕಣ್ಣನ್ನು ನಂಬುವ ಧೈರ್ಯ ಬರಲಿಲ್ಲ. ಅವರನ್ನು ಕಂಡು ನಾನು ನಗಲಾರೆ.

ನಗಲಾರೆ ಏಕೆಂದರೆ, ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ನಮ್ಮಪ್ಪನ ಲೆಕ್ಕದ ಪುಸ್ತಕವೂ ಇತ್ತು. ಊರಿನ ಮನೆಯ ಮಾಡು ಸೋರುತ್ತಿದ್ದಾಗ ಹೊಸ ಹೆಂಚು ಹೊದಿಸಿದ ಖರ್ಚನ್ನು ನಾನೊಬ್ಬನೇ ಹೊತ್ತೆನೆಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಜಗಳವಾಡಿ ಹೇಳಿದ್ದಲ್ಲ, ಹಬ್ಬಕ್ಕೆ ಸೇರಿದಾಗ ಹೋಳಿಗೆಯ ಜೊತೆಗೆ ಬಡಿಸುವ ಮಾತು. ಅಪ್ಪನ ಗುಂಡು ಅಕ್ಷರದಲ್ಲಿ ಹೆಂಚಿನ ಬಾಬ್ತು ಅರ್ಧ ಹಣ ತಮ್ಮನ ಹೆಸರಿನಲ್ಲಿ ಜಮೆಯಾಗಿತ್ತು, ತಾರೀಖಿನ ಸಮೇತ. ಅವನ ವಿಷಯದಲ್ಲಿ ನಾನೂ 48 ಎಣಿಸುತ್ತಲೇ ಕೂತಿದ್ದೆ. ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ, “ಈಗ ಮಳೆ ಹೇಗಿದೆ ಅಲ್ಲಿ?” ಎಂದು ಕೇಳಿದ. ಹಬ್ಬದ ಮಾತನ್ನು ಹಬ್ಬದಲ್ಲೇ, ಎಲ್ಲರೂ ಎಲೆಯ ಮುಂದೆ ಕೂತಾಗಲೇ ತಿದ್ದಬೇಕು ಅನ್ನಿಸಿದೆ. ಫೋನಿನಲ್ಲಿ ತಿದ್ದಿದ್ದು ಅರ್ಧ ಲೆಕ್ಕವಷ್ಟೇ.

ಸಂಜೆ ಪಕ್ಕದ ಮನೆಯ ಹುಡುಗ ಬಂದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ, ನನ್ನ ಹಳೆಯ ಪುಸ್ತಕಗಳು ಬೇಕಂತೆ. ತಪ್ಪು ಇರುವ ಪುಸ್ತಕವನ್ನು ಹಾಗೇ ಕೊಡುವುದು ಹೇಗೆಂದು ಇಬ್ಬರೂ ನೆಲದ ಮೇಲೆ ಕೂತು ತಿದ್ದಿದೆವು. ಗ್ರಹಗಳ ಪಟ್ಟಿಯಲ್ಲಿ ಪ್ಲೂಟೋಗೆ ಗೆರೆ ಎಳೆದು ‘2006’ ಎಂದು ಬರೆದೆ. ಕನ್ನಡದ ಮೊದಲ ಶಾಸನ ಹಲ್ಮಿಡಿಯದು, ಸುಮಾರು 450ನೆಯ ಇಸವಿ ಎಂದಿದ್ದ ಕಡೆ ಹುಡುಗ ತಡೆದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರ ಹೊತ್ತಿಗೆ ಅಗೆದಾಗ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಕಲ್ಲಿನ ಕೈಹಿಡಿಯ) ಮೇಲೆ ಸಿಕ್ಕ ಶಾಸನ ಅದಕ್ಕೂ ಹಿಂದಿನದು, 370ರದು ಎಂದು ಅವನ ತರಗತಿಯಲ್ಲಿ ಹೇಳಿದ್ದಾರೆ. ಕಾಲದ ಬಗ್ಗೆ ಎಲ್ಲ ವಿದ್ವಾಂಸರ ಒಮ್ಮತವಿಲ್ಲ ಎಂದೆ. “ಹಾಗಾದರೆ ಏನಂತ ಬರೆಯೋದು ಅಂಕಲ್?” ಎಂದ. ಹಲ್ಮಿಡಿಯನ್ನು ಹೊಡೆದುಹಾಕದೆ ಅದರ ಪಕ್ಕದಲ್ಲೇ ತಾಳಗುಂದ, 370 ಎಂದು ಬರೆದುಕೊಟ್ಟಿದ್ದೇನೆ. ಪೆನ್ಸಿಲಿನಲ್ಲಿ.